ನೀಲಿ ಅಂಚಿನ ಪಟ್ಟಿ

ಅಳು ನಿಂತಿತು, ಸದ್ಯ, ನಿದ್ದೆ ಹತ್ತಿರಬೇಕು, ಈ ಚಾದರವೊಂದನ್ನು ಹಿಂಡಿಬಿಟ್ಟರೆ ಕೂತು ಒಂದು ಲೋಟ ಚಹಾ ಕುಡಿಯಬಹುದು, ಬೆಳಗಿನಿಂದ ಇದು ಎರಡನೆಯದು, ಅಮ್ಮನದು, ಮಗುವಿನ ಬಟ್ಟೆ ಇನ್ನೂ ಬಕೆಟ್ಟಿನಲ್ಲೇ ನೆನೆಯುತ್ತಿದೆ, ಇಬ್ಬರದೂ ಒಂದೇ ವಾಸನೆ ಅಂದರೆ ಇವರು ನಗುತ್ತಾರೆ, ನಗಲಿ, ಚೀಲ ಹೆಗಲಿಗೇರಿಸಿ ಆಫೀಸಿಗೆ ಹೊರಡುವವರಿಗೇನು, ನಿಮ್ಮಮ್ಮನ್ನ ಸೇರಿಸೋಕೆ ಒಳ್ಳೇ ವೃದ್ಧಾಶ್ರಮ ನೋಡಿದ್ದೀನಿ, ಹೂಂ ಅನ್ನು ಸಾಕು, ಅನ್ನುತ್ತಾರೆ, ನಾನು ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ — ಆದರೆ ಇಷ್ಟು ಬೇಗ ಸುಮ್ಮನಾಗುವ ಮಗುವಲ್ಲ ಅದು, ಯಾರಾದರೂ ಎತ್ತಿಕೊಳ್ಳದೆ ಬಾಯಿ ಮುಚ್ಚುವುದಿಲ್ಲ, ಎತ್ತಿಕೊಂಡವರು ಯಾರು, ಮನೆಯಲ್ಲಿರುವುದು ನಾನು, ಅದು, ಅಮ್ಮ — ಅಮ್ಮ. ತೊಟ್ಟಿಲು ಖಾಲಿ, ಹಾಸಿಗೆ ಖಾಲಿ, ದಿಂಬಿನ ಕವರಿನ ನೀಲಿ ಅಂಚು ಹರಿದಿದೆ, ಮುಂಬಾಗಿಲು ಹಾರುಹೊಡೆದಿದೆ, ಚಿಲಕ, ಹಾಲಿನವನು ಬಂದಾಗ ತೆಗೆದವಳು ಮತ್ತೆ ಹಾಕಿದೆನೇ, ಹಾಕಲಿಲ್ಲ.

ಮೆಟ್ಟಿಲ ತುದಿಯಲ್ಲಿ ನಿಂತಿದ್ದಾಳೆ, ಮುಖ ನನ್ನ ಕಡೆ, ಬೆನ್ನ ಹಿಂದೆ ಮೂರು ಮಹಡಿ, ಮಗು ಹೆಗಲ ಮೇಲೆ, ಅದರ ತಲೆಯ ಹಿಂದೆ ಅಂಗೈ ಎಷ್ಟು ಸರಿಯಾಗಿದೆ, ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ಸವೆದ ಕೈ, ಅವಳು ನನ್ನನ್ನು ಮರೆತರೂ ಕೈ ಕೆಲಸ ಮರೆತಿಲ್ಲ, ಆದರೆ ಹಿಮ್ಮಡಿ, ಹಿಮ್ಮಡಿ ಅರ್ಧ ಗಾಳಿಯಲ್ಲಿದೆ. ಕೂಗಬಾರದು, ಕಿತ್ತುಕೊಳ್ಳಬಾರದು, ಹೋದ ವಾರ ಕತ್ತರಿ ಕಸಿಯಲು ಹೋದಾಗ ಎಂಥ ಬಲದಿಂದ ನೂಕಿದಳು, ಹಣೆ ಇನ್ನೂ ನೋಯುತ್ತದೆ — ಅಮ್ಮಾ, ಮಗು ಕೊಡಮ್ಮ. ಯಾರಮ್ಮ ನೀವು, ವಾರ್ಡೊಳಗೆ ಹೀಗೆ ನುಗ್ಗಬಾರ್ದು, ಇದರ ತಾಯಿ ಕೆಳಗಿದ್ದಾಳೆ, ಹಾಲು ಕುಡಿಸೋಕೆ ಎತ್ಕೊಂಡು ಹೋಗ್ತಿದ್ದೀನಿ. ನಾನೇ ತಾಯಿ. ಎಲ್ಲಾರೂ ಹಾಗೇ ಅಂತಾರೆ. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ, ಈಗ ಎದೆ ಹಾಲು ಸೋರಿ ಬಟ್ಟೆಯೆಲ್ಲ ಒದ್ದೆ, ಇದಕ್ಕಿಂತ ಬೇರೆ ಸಾಕ್ಷಿ ಬೇಕೇ, ಅವಳು ನೋಡುತ್ತಿರುವುದು ಮಾತ್ರ ನನ್ನ ಮಣಿಕಟ್ಟನ್ನು, ಯಾಕೆ — ಮಗುವಿನ ಕಾಲಿನಲ್ಲಿ ನೀಲಿ ಪಟ್ಟಿ, ಗಂಟು ಹಾಕಿದ್ದಾಳೆ. ನಾನು ಚಿಕ್ಕವಳಿದ್ದಾಗ ಪಾಳಿ ಮುಗಿಸಿ ಬಂದು ಕಾಲು ನೀವಿಕೊಳ್ಳುತ್ತ ಹೇಳುತ್ತಿದ್ದಳು, ಮಗು ಹುಟ್ಟುತ್ತಲೇ ಅದರ ಕಾಲಿಗೊಂದು, ತಾಯಿಯ ಕೈಗೊಂದು, ಒಂದೇ ಬಟ್ಟೆಯಿಂದ ಹರಿದ ಪಟ್ಟಿ, ಎರಡೂ ತಾಳೆಯಾಗದೆ ದೊಡ್ಡ ಡಾಕ್ಟರು ಕೇಳಿದರೂ ಕೊಡುತ್ತಿರಲಿಲ್ಲವಂತೆ, ನನ್ನ ಕೈಯಲ್ಲಿ ಒಂದು ಮಗುವೂ ಅದಲುಬದಲಾಗಿಲ್ಲ ಕಣೇ.

ಬೆನ್ನು ತಿರುಗಿಸಿದರೆ ಇಳಿದುಬಿಟ್ಟಾಳು, ತಿರುಗಿಸದಿದ್ದರೆ ಕೊಡುವುದಿಲ್ಲ — ಸಿಸ್ಟರ್, ನನ್ನ ಪಟ್ಟಿ ಹಾಸಿಗೆ ಮೇಲೇ ಉಳೀತು, ತರ್ತೀನಿ, ಅಲ್ಲೇ ಗೋಡೆಗೆ ಒರಗಿಕೊಳ್ಳಿ, ಹೆತ್ತವಳನ್ನು ಸಿಸ್ಟರ್ ಅಂದೆ. ಬೇಗ ಬನ್ನಿ, ಮಗು ಹಸಿದಿದೆ. ಓಡಿದೆ, ಕವರನ್ನು ಹಲ್ಲಿನಿಂದ ಹರಿದೆ, ಒಂದೇ ಕೈಯಲ್ಲಿ ಗಂಟು ಬೀಳುವುದಿಲ್ಲ, ಬೀಳು, ಬಿತ್ತು, ಇದ್ದಾಳೆಯೇ, ಇದ್ದಾಳೆ, ಗೋಡೆಗೆ ಒರಗಿದ್ದಾಳೆ. ಕಾಲಿನ ಪಟ್ಟಿಯ ಪಕ್ಕ ನನ್ನ ಕೈ ಹಿಡಿದು ನೀಲಿಗೆ ನೀಲಿ ಕೂಡಿಸಿದಳು, ತಾಳ್ಮೆಯಿಂದ, ಎರಡು ಸಲ, ಸರಿ, ತಗೊಳ್ಳಿ, ಕತ್ತಿನ ಹಿಂದೆ ಕೈ ಕೊಡಿ, ಅಂದಳು. ಮಗು ನನ್ನದಾಯಿತು, ಇನ್ನೊಂದು ಕೈಯಿಂದ ಅವಳನ್ನು ಒಳಗೆಳೆದು ಚಿಲಕ ಹಾಕಿದೆ, ಆಗ ಬಂತು ಸಿಟ್ಟು, ಸಾಕು, ಇವರಿಗೆ ಹೂಂ ಅಂದುಬಿಡುತ್ತೇನೆ, ಈಗಲೇ, ಫೋನೆಲ್ಲಿ, ಸಿಕ್ಕಿತು, ರಿಂಗಾಗುತ್ತಿದೆ — ಅಮ್ಮ ಎದುರು ಬಂದು ನಿಂತಿದ್ದಾಳೆ, ಕೈ ಚಾಚಿದ್ದಾಳೆ, ನನಗೂ ಒಂದು ಕಟ್ಟಿ ಸಿಸ್ಟರ್, ನಮ್ಮೋರು ಬರ್ತಾರೆ, ಗುರುತು ಸಿಗದೆ ನನ್ನನ್ನ ಬೇರೆ ಯಾರಿಗೋ ಕೊಟ್ಬಿಟ್ಟೀರಿ. ಹಲೋ, ಹೇಳು, ಏನಾಯ್ತು, ಅನ್ನುತ್ತಿದ್ದಾರೆ ಇವರು, ಏನು ಹೇಳಲಿ, ಕವರಿನಲ್ಲಿ ಇನ್ನೂ ಒಂದಿಷ್ಟು ಅಂಚು ಉಳಿದಿದೆ, ಸುಕ್ಕುಗಟ್ಟಿದ ಮಣಿಕಟ್ಟು, ಬರಿದು, ಹಲೋ, ಚಾಚಿದ ಕೈ ಹಾಗೇ ಇದೆ, ಬರಿಯ ಮಣಿಕಟ್ಟು —