ನೆಲ ಡೊಂಕಾಗಿಯೇ ಇತ್ತು

ಅತ್ತಿಗೆ ಜಗಳ ಆಡುವುದನ್ನು ಬಿಟ್ಟು ಮೂರು ವಾರವಾಗಿತ್ತು. ಬೇರೆ ಮನೆಗಳಲ್ಲಿ ಇದನ್ನು ನೆಮ್ಮದಿ ಅನ್ನುತ್ತಾರೇನೋ, ನಮ್ಮ ಮನೆಯಲ್ಲಿ ಇದು ಕಾಯಿಲೆಯ ಲಕ್ಷಣ. ಅಣ್ಣನ ಕೈಹಿಡಿದು ಬಂದ ದಿನದಿಂದ ಅತ್ತಿಗೆ ಸಕ್ಕರೆ ಡಬ್ಬಿ ಯಾವ ಗೂಡಿನಲ್ಲಿರಬೇಕು ಎಂಬುದರಿಂದ ಹಿಡಿದು ಚಂದ್ರ ಎಷ್ಟು ದೂರದಲ್ಲಿದ್ದಾನೆ ಎಂಬುದರವರೆಗೆ ಎಲ್ಲದಕ್ಕೂ ನನ್ನೊಡನೆ ವಾದ ಮಾಡಿದ್ದಾರೆ, ಅರ್ಧಕ್ಕರ್ಧ ಗೆದ್ದೂ ಇದ್ದಾರೆ. ಈಗ ನಾನು ಸಕ್ಕರೆ ಡಬ್ಬಿಯನ್ನು ಬೇಕೆಂದೇ ಸಿಂಕಿನ ಕೆಳಗೆ ಇಟ್ಟು ಕಾದರೂ "ಅಲ್ಲೇ ಇರ್ಲಿ ಬಿಡು" ಅಂದರು.

ಕಾರಣ ಗೊತ್ತಿತ್ತು. ನಾವಿಬ್ಬರೂ ಒಂದೇ ಆಫೀಸಿನಲ್ಲಿ ದುಡಿಯುವವರು. ಲಿಫ್ಟುಗಳನ್ನು ನಡೆಸುವ ಪ್ರೋಗ್ರಾಮ್ ಬರೆಯುವ ಕಂಪನಿ ಅದು. ಬಾಗಿಲಿನ ಭಾಗ ಅತ್ತಿಗೆಯದು. ನನ್ನದು ಡೀಬಗರ್, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ, "ಇದರಲ್ಲಿ ಈಗ ಎಷ್ಟಿದೆ? ಅದರಲ್ಲಿ ಎಷ್ಟಿದೆ?" ಎಂದು ಹೆಸರು ಹಿಡಿದು ವಿಚಾರಿಸುವ ಸಾಧನ. ಎಲ್ಲರೂ ತಪ್ಪು ಮಾಡುತ್ತಾರೆ, ನನ್ನ ಸಾಧನ ಹಿಡಿದುಕೊಡುತ್ತದೆ. ಹೀಗಾಗಿ ನನಗೆ ಮೊದಲೇ ಸಣ್ಣದೊಂದು ಕೊಂಬು ಇತ್ತು. ಮೂರು ತಿಂಗಳ ಹಿಂದೆ ಡೀಬಗರಿನ ವೇಗವನ್ನು ನಾಲ್ಕು ಪಟ್ಟು ಮಾಡಿದ್ದಕ್ಕೆ ಮ್ಯಾನೇಜರ್ ಪ್ರಶಸ್ತಿಪತ್ರ ಕೊಟ್ಟ ಮೇಲೆ ಎರಡನೆಯ ಕೊಂಬೂ ಮೂಡಿತು. ಪತ್ರಕ್ಕೆ ಕಟ್ಟು ಹಾಕಿಸಿ ನನ್ನ ಮೇಜಿನ ಹಿಂದೆ ನೇತುಹಾಕಿದ್ದೆ. ಒರೆಸಲಿಕ್ಕೆ ಬೇರೆ ಬಟ್ಟೆ ಇಟ್ಟಿದ್ದೆ.

ನಮ್ಮ ಮ್ಯಾನೇಜರದು ಒಂದು ಪದ್ಧತಿ. ಹೊಸ ಪ್ರೋಗ್ರಾಮನ್ನು ಮೊದಲು ನಮ್ಮದೇ ಕಟ್ಟಡದ ಲಿಫ್ಟಿಗೆ ಹಾಕಬೇಕು. "ಊರವರ ಬೆರಳು ಸಿಗೋದಕ್ಕೆ ಮುಂಚೆ ನಮ್ಮ ಬೆರಳು ಸಿಗ್ಲಿ" ಎನ್ನುತ್ತಾರೆ. ಬಾಗಿಲಿಗೆ ಏನಾದರೂ ಅಡ್ಡ ಬಂದರೆ ಅದು ಮತ್ತೆ ತೆರೆದುಕೊಳ್ಳಬೇಕು, ಮೂರು ಸಲ ಹೀಗಾದರೆ ಸುಮ್ಮನೆ ನಿಂತು ಗಂಟೆ ಬಾರಿಸಬೇಕು. ಉಳಿದ ಮಹಡಿಗಳಲ್ಲಿ ಒಂದು ಹಳೆಯ ಬೂಟು ಅಡ್ಡವಿಟ್ಟು ನೋಡಿದ್ದಾಯಿತು, ಎಲ್ಲ ಸರಿ. ಮೂರನೆಯ ಮಹಡಿಯಲ್ಲಿ ಬೂಟಿನ ಬದಲು ಆಳೆತ್ತರದ ಗಿಡದ ಕುಂಡವನ್ನು ಇಟ್ಟರು. ಅಗಲವಾದ ಎಲೆಗಳು ಬಾಗಿಲಿಗೆ ಅಡ್ಡ ಬಂದವು. ಬಾಗಿಲು ಮುಚ್ಚಲು ಹೋಯಿತು, ತೆರೆಯಿತು, ಮುಚ್ಚಲು ಹೋಯಿತು, ತೆರೆಯಿತು. ಇಪ್ಪತ್ತು ಸಲವಾದರೂ ನಿಲ್ಲಲಿಲ್ಲ, ಗಂಟೆಯೂ ಬಾರಿಸಲಿಲ್ಲ. ತಪ್ಪು ಸಿಗುವವರೆಗೆ ಕುಂಡ ಕದಲಕೂಡದು ಎಂದು ಮ್ಯಾನೇಜರ್ ಆಜ್ಞೆ ಮಾಡಿದರು. ಅಂದಿನಿಂದ ಇಡೀ ಆಫೀಸು ಆರು ಮಹಡಿ ಮೆಟ್ಟಿಲು ಹತ್ತುತ್ತಿತ್ತು, ಹತ್ತುತ್ತ ಹತ್ತುತ್ತ ಅತ್ತಿಗೆಯನ್ನು ನೆನೆಯುತ್ತಿತ್ತು.

ಅತ್ತಿಗೆ ಬಾಗಿಲಿನ ಫೈಲಿನಲ್ಲಿ ಪ್ರೋಗ್ರಾಮನ್ನು ನಿಲ್ಲಿಸಿ ಡೀಬಗರನ್ನು ಕೇಳಿದರು: ಕೌಂಟ್ ಎಷ್ಟು? ಅಂದರೆ, ಬಾಗಿಲಿಗೆ ಎಷ್ಟು ಸಲ ತಡೆಯಾಗಿದೆ? ಡೀಬಗರ್ ಹೇಳಿತು: ಸೊನ್ನೆ. ಎಣಿಸುವ ಸಾಲನ್ನು ಅಳಿಸಿ ಬರೆದರು. ಸೊನ್ನೆ. ಏಳು ಸಲ ಅಳಿಸಿ ಏಳು ಸಲ ಬರೆದರು. ಏಳು ಸೊನ್ನೆ.

ಮೊದಲ ವಾರವೇ ನನ್ನ ಮೇಜಿನ ಬಳಿ ಬಂದು ಕೇಳಿದ್ದರು. "ನಿನ್ನ ಡೀಬಗರ್ ಸರಿ ಇದೆಯೇನೇ?"

ನಾನು ಗೋಡೆಯ ಪ್ರಶಸ್ತಿಪತ್ರದ ಕಡೆ ಒಮ್ಮೆ ನೋಡಿ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಅಂದಿದ್ದೆ. ಸುತ್ತಲಿನವರೆಲ್ಲ ನಕ್ಕರು. ಅತ್ತಿಗೆ ತಿರುಗಿ ಬೈಯಲಿಲ್ಲ, ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಆವತ್ತಿನಿಂದಲೇ ಅವರು ಜಗಳ ನಿಲ್ಲಿಸಿದ್ದು.

ಶನಿವಾರ ಊಟಕ್ಕೆ ಕೂತಾಗ ಅತ್ತಿಗೆ ತಟ್ಟೆ ನೋಡುತ್ತ ಹೇಳಿದರು. "ಸೋಮವಾರ ಕೆಲಸ ಬಿಡ್ತೀನಿ. ಪತ್ರ ಬರೆದಿಟ್ಟಿದೀನಿ. ನನ್ನ ಕೈಲಿ ಆಗಲ್ಲ ಇದು."

ಹನ್ನೊಂದು ವರ್ಷ ಬಾಗಿಲುಗಳನ್ನೇ ಉಂಡು ಉಸಿರಾಡಿದ ಹೆಂಗಸು ಹಾಗೆ ಹೇಳಿದಾಗ ಎಲ್ಲರ ತಟ್ಟೆಯಲ್ಲೂ ಅನ್ನ ಹಾಗೇ ಉಳಿಯಿತು.

ಭಾನುವಾರ ನಲ್ಲಿ ರಿಪೇರಿಯವನು ಬಂದ. ಇಲ್ಲಿ ನಮ್ಮ ಮನೆಯ ಒಂದು ವಿಚಾರ ಹೇಳಬೇಕು. ನಮ್ಮಲ್ಲಿ ಮೂವರು ಮರಿಗಳಿದ್ದಾರೆ. ಅಜ್ಜಿ ನಮ್ಮಪ್ಪನನ್ನು ಮರಿ ಎನ್ನುತ್ತಾಳೆ, ಅಪ್ಪನಿಗೆ ಅರವತ್ತಮೂರು ವರ್ಷ, ತಲೆಯಲ್ಲಿ ಒಂದು ಕೂದಲಿಲ್ಲ. ಅಮ್ಮ ನನ್ನನ್ನು ಮರಿ ಎನ್ನುತ್ತಾಳೆ. ಅತ್ತಿಗೆ ತಮ್ಮ ಐದು ವರ್ಷದ ಮಗಳನ್ನು ಮರಿ ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಗೊಂದಲವಾಗಿಲ್ಲ. ಕರೆದದ್ದು ಯಾವ ಕೋಣೆಯಿಂದ, ಯಾರು ಎಂದು ನೋಡಿಕೊಂಡು ಆಯಾ ಮರಿ ಏಳುತ್ತದೆ.

ನಲ್ಲಿಯವನಿಗೆ ಇದು ಗೊತ್ತಿರಲಿಲ್ಲ. ಅವನು ಬಚ್ಚಲಲ್ಲಿ ಕೂತು ಪೈಪು ಬಿಚ್ಚುತ್ತಿದ್ದ. ಅಮ್ಮ ಅಡುಗೆಮನೆಯಿಂದ "ಮರೀ, ಅವರಿಗೊಂದು ಬಕೆಟ್ ಕೊಡು" ಅಂದಳು, ನಾನು ಬಕೆಟ್ ತಂದು ಪೈಪಿನ ಕೆಳಗೆ ಹಿಡಿದೆ. ಓಹೋ, ಮರಿ ಅಂದರೆ ಈಯಮ್ಮ ಎಂದು ಅವನು ತಿಳಿದುಕೊಂಡ. ಸ್ವಲ್ಪ ಹೊತ್ತಿಗೆ ಅಜ್ಜಿ ತನ್ನ ಕೋಣೆಯಿಂದ "ಮರೀ, ನನ್ನ ಹಲ್ಲಿನ ಸೆಟ್ ಎಲ್ಲಿಟ್ಟೆಯೋ?" ಎಂದು ಕೂಗಿದಳು.

"ಅಕ್ಕ, ನಿಮ್ಮನ್ನೇ" ಅಂದ ನಲ್ಲಿಯವನು. "ಹಲ್ಲಿನ ಸೆಟ್ ನಿಮ್ಮ ಹತ್ರ ಇದೆಯಂತೆ."

ನಾನು ಉತ್ತರ ಕೊಡುವಷ್ಟರಲ್ಲಿ ಹಜಾರದಿಂದ ಅತ್ತಿಗೆಯ ದನಿ ಬಂತು. "ಮರೀ, ಬಾ ಇಲ್ಲಿ, ಮೂಗು ಒರೆಸ್ತೀನಿ."

ಅವನು ಸ್ಪ್ಯಾನರ್ ಕೆಳಗಿಟ್ಟ. ನನ್ನನ್ನು ಕನಿಕರದಿಂದ ನೋಡಿದ. "ಹೋಗ್ಬನ್ನಿ ಅಕ್ಕ. ಮೂಗು ಒರೆಸಿಸ್ಕೊಂಡು ಬನ್ನಿ. ನಾನು ಬಕೆಟ್ ಹಿಡ್ಕೊಂಡಿರ್ತೀನಿ."

ಅಪ್ಪ, ಅಮ್ಮ, ಅಣ್ಣ, ಹಲ್ಲಿಲ್ಲದ ಅಜ್ಜಿ, ಎಲ್ಲರೂ ಬಿದ್ದುಬಿದ್ದು ನಕ್ಕರು. ಅತ್ತಿಗೆ ನಗಲಿಲ್ಲ. ನಾನೂ ನಗಲಿಲ್ಲ. ನನ್ನ ಕೈಯಲ್ಲಿದ್ದ ಬಕೆಟ್ ಜಾರಿ ನಲ್ಲಿಯವನ ಕಾಲಮೇಲೆ ಬಿತ್ತು.

ಏಕೆಂದರೆ ಈ ಮನುಷ್ಯ ನನ್ನ ಡೀಬಗರಿನ ಅವಳಿ ತಮ್ಮ. ಪ್ರೋಗ್ರಾಮಿನಲ್ಲೂ ಒಂದೇ ಹೆಸರು ಹತ್ತು ಕಡೆ ಇರುತ್ತದೆ. ಬಾಗಿಲಿನ ಫೈಲಿನಲ್ಲಿ ಒಂದು ಕೌಂಟ್, ಲಿಫ್ಟಿನ ದೀಪಗಳ ಫೈಲಿನಲ್ಲಿ ಇನ್ನೊಂದು ಕೌಂಟ್. ಡೀಬಗರ್ ಮಾಡಬೇಕಾದದ್ದು ಇಷ್ಟೇ: ಕೇಳಿದವರು ಎಲ್ಲಿ ನಿಂತು ಕೇಳುತ್ತಿದ್ದಾರೆ ಎಂದು ನೋಡಿ, ಮೊದಲು ಅಲ್ಲಿ ಹುಡುಕಿ, ಸಿಗದಿದ್ದರೆ ಹೊರಗೆ ಹೋಗುವುದು. ಮೂರು ತಿಂಗಳ ಹಿಂದಿನವರೆಗೆ ಹಾಗೆಯೇ ಮಾಡುತ್ತಿತ್ತು. ಪ್ರತಿ ಸಲ ಹುಡುಕಿ ನಿಧಾನವಾಗುತ್ತದೆಂದು ನಾನು ಅದಕ್ಕೆ ಒಂದು ಜಾಣತನ ಕಲಿಸಿದೆ. ಒಂದು ಹೆಸರು ಒಮ್ಮೆ ಸಿಕ್ಕಿತೋ, ನೆನಪಿಟ್ಟುಕೋ, ಮುಂದೆ ಯಾರೇ ಕೇಳಲಿ ಅದನ್ನೇ ಕೊಡು. ಅತ್ತಿಗೆ ಶಿಸ್ತಿನವರು, ದಿನಾ ಕೆಲಸ ಶುರುಮಾಡುವ ಮೊದಲು ಡೀಬಗರಿನಲ್ಲೇ ದೀಪಗಳನ್ನು ನೋಡಿಕೊಳ್ಳುತ್ತಾರೆ. ಕೆಟ್ಟುಹೋದ ದೀಪಗಳ ಕೌಂಟ್, ಸೊನ್ನೆ. ಆಮೇಲೆ ಬಾಗಿಲಿಗೆ ಬಂದು ಕೌಂಟ್ ಕೇಳಿದರೆ ಡೀಬಗರ್ ದೀಪದ ಸೊನ್ನೆಯನ್ನೇ ಎತ್ತಿ ಕೊಡುತ್ತಿತ್ತು. ಹಾಗೆ ಬಾಗಿಲಿನ ಮೂಗಿನ ಬದಲು ದೀಪದ ಮೂಗು ಒರೆಸಿದ್ದಕ್ಕೇ ನನಗೆ ಪ್ರಶಸ್ತಿ ಬಂದಿದ್ದು. ನೆಲ ಡೊಂಕಾಗಿಯೇ ಇತ್ತು, ಹಾಸಿದವಳು ನಾನು.

ನಲ್ಲಿಯವನ ಕಾಲಿಗೆ ಮುಲಾಮು ಕೊಟ್ಟು, ಲ್ಯಾಪ್‌ಟಾಪ್ ತೆಗೆದು ಕೂತೆ. ಹೆಸರಿನ ಜೊತೆಗೆ ಕೇಳಿದ ಜಾಗವನ್ನೂ ನೆನಪಿಡುವಂತೆ ಸರಿಪಡಿಸಿದೆ, ಹನ್ನೆರಡು ಸಾಲು. ಹೊಸ ವೇಗದಲ್ಲಿ ಮುಕ್ಕಾಲು ಪಾಲು ಮಾಯವಾಯಿತು. ಆಗ ನನ್ನ ಮನಸ್ಸಿನಲ್ಲಿ ಬಂದ ಯೋಚನೆಯನ್ನು ಮುಚ್ಚಿಡುವುದಿಲ್ಲ. ಬೆಳಿಗ್ಗೆ ಮೊದಲು ಹೋಗಿ ಇದನ್ನು ಸದ್ದಿಲ್ಲದೆ ಸೇರಿಸಿಬಿಟ್ಟರೆ ಅತ್ತಿಗೆಗೆ ತಪ್ಪು ಸಿಗುತ್ತದೆ, ಕೆಲಸ ಉಳಿಯುತ್ತದೆ, ಗೋಡೆಯ ಕಟ್ಟೂ ಉಳಿಯುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಆದರೆ ಸೋಮವಾರ ಅತ್ತಿಗೆ ನನಗಿಂತ ಮೊದಲೇ ಹೊರಟುಬಿಟ್ಟಿದ್ದರು. ಓಡಿಹೋಗಿ ಆಫೀಸಿನ ಮೊದಲ ಮಹಡಿಯ ಮೆಟ್ಟಿಲಲ್ಲಿ ಹಿಡಿದೆ. ಕೈಯಲ್ಲಿ ಪತ್ರವಿತ್ತು.

"ಅತ್ತಿಗೆ, ಇವತ್ತು ಬೇಡ. ಮ್ಯಾನೇಜರ್ ಮನಸ್ಸು ಸರಿ ಇಲ್ವಂತೆ."

"ಯಾವತ್ತು ಸರಿ ಇತ್ತು?" ಎಂದು ಹತ್ತುತ್ತಲೇ ಇದ್ದರು.

ಎರಡನೆಯ ಮಹಡಿಯಲ್ಲಿ "ಪತ್ರದಲ್ಲಿ ಏನೋ ತಪ್ಪಿದೆ ಅನ್ಸುತ್ತೆ, ಕೊಡಿ ನೋಡೋಣ" ಎಂದೆ. ಕೊಟ್ಟರು. ಎರಡೇ ಸಾಲು ಇತ್ತು. 'ನನ್ನ ಕೆಲಸದ ಮೇಲೆ ನನಗೇ ನಂಬಿಕೆ ಹೋಗಿದೆ. ದಯವಿಟ್ಟು ಬಿಡುಗಡೆ ಮಾಡಿ.' ನಾನು ಒಂದಕ್ಷರವನ್ನೂ ತಿದ್ದಲಾಗದೆ ಹಿಂದಕ್ಕೆ ಕೊಟ್ಟೆ.

ಮೂರನೆಯ ಮಹಡಿಯಲ್ಲಿ ಗಿಡದ ಎಲೆಗೆ ಬಾಗಿಲು ತಟ್ಟುತ್ತಿತ್ತು, ತೆರೆಯುತ್ತಿತ್ತು. ಅತ್ತಿಗೆ ಮುಖ ಗೋಡೆಗೆ ತಿರುಗಿಸಿಕೊಂಡು ಮುಂದೆ ಹೆಜ್ಜೆ ಇಟ್ಟರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅತ್ತಿಗೆ, ನೆಲ ಡೊಂಕು."

"ಏನು?"

"ಡೀಬಗರ್ ಸುಳ್ಳು ಹೇಳ್ತಿತ್ತು. ನೀವು ಬಾಗಿಲಿನ ಕೌಂಟ್ ಕೇಳಿದ್ರೆ ದೀಪದ್ದು ಕೊಡ್ತಿತ್ತು. ನಿನ್ನೆ ನಲ್ಲಿಯವನು ನನ್ನ ಮೂಗು ಒರೆಸೋಕೆ ಕಳಿಸಿದ್ನಲ್ಲ, ಅದೇ ಥರ. ಹಾಗೆ ಕಲಿಸಿದ್ದು ನಾನೇ. ಪ್ರಶಸ್ತಿ ಬಂದಿದ್ದೂ ಅದಕ್ಕೇ."

ಅತ್ತಿಗೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಬಾಗಿಲು ನಾಲ್ಕು ಸಲ ತಟ್ಟಿತು.

"ನಾನು ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ, ಗೊತ್ತಾ?" ಅಂದರು ಮೆಲ್ಲಗೆ. "ಎದುರಿಗೆ ಬಾಗಿಲು ಇಪ್ಪತ್ತು ಸಲ ಬಡ್ಕೊಳ್ತಿದೆ, ಸ್ಕ್ರೀನ್ ಮೇಲೆ ಸೊನ್ನೆ. ಕಣ್ಣು ಸರಿ ಇದೆ ಅಂದ್ರು. ಹಾಗಾದ್ರೆ ಕೆಟ್ಟಿರೋದು ತಲೆ ಅಂದ್ಕೊಂಡೆ ಕಣೇ."

"ತಪ್ಪಾಯ್ತು ಅತ್ತಿಗೆ."

"ತಪ್ಪಾಯ್ತಂತೆ! ಗಾದೆ ಹೇಳೋವಾಗ ನಾಲಿಗೆ ಎಷ್ಟುದ್ದ ಇತ್ತು! ಎಲ್ಲರೆದುರಿಗೆ! ಅದಕ್ಕೊಂದು ಕಟ್ಟು, ಒರೆಸೋಕೊಂದು ಬಟ್ಟೆ!" ಅತ್ತಿಗೆ ಎದ್ದು ನಿಂತರು. ಅಲ್ಲಿಂದ ಆರನೆಯ ಮಹಡಿಯವರೆಗೆ ಉಸಿರು ಬಿಡದೆ ಬೈದರು. ನಾಲ್ಕನೆಯದರಲ್ಲಿ ನನ್ನ ಕೆಲಸ, ಐದನೆಯದರಲ್ಲಿ ನನ್ನ ಗುಣ, ಆರನೆಯದಕ್ಕೆ ಬರುವಾಗ "ಸಕ್ಕರೆ ಡಬ್ಬಿ ಸಿಂಕಿನ ಕೆಳಗೆ ಇಡ್ತಾರೇನೇ ಯಾರಾದ್ರೂ?" ಬೈಸಿಕೊಂಡು ನನಗೆ ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಹನ್ನೆರಡು ಸಾಲು ಸೇರಿಸಿದೆ. ಅತ್ತಿಗೆ ಪ್ರೋಗ್ರಾಮನ್ನು ಮೊದಲಿಂದ ಓಡಿಸಿ, ಬಾಗಿಲು ಒಮ್ಮೆ ತಟ್ಟಿದ ಕೂಡಲೇ ಬಾಗಿಲಿನ ಫೈಲಿನಲ್ಲಿ ನಿಲ್ಲಿಸಿ ಕೌಂಟ್ ಕೇಳಿದರು. ಡೀಬಗರ್ ಸ್ವಲ್ಪ ಹೊತ್ತು ಹುಡುಕಾಡಿ ಹೇಳಿತು: ಎರಡು. ಬಾಗಿಲು ಇನ್ನೊಮ್ಮೆ ತಟ್ಟಿತು: ನಾಲ್ಕು. ಮತ್ತೊಮ್ಮೆ: ಆರು. ಅತ್ತಿಗೆ ರಾಜೀನಾಮೆಯ ಬೆನ್ನಿನ ಮೇಲೆ ಮೂರನ್ನೂ ಬರೆದುಕೊಂಡು ದಿಟ್ಟಿಸಿದರು. ಬಾಗಿಲಿಗೆ ಮೇಲೊಂದು ಕೆಳಗೊಂದು ಸೆನ್ಸರ್ ಇವೆ. ಬೂಟು ತಗುಲುವುದು ಕೆಳಗಿನದಕ್ಕೆ ಮಾತ್ರ. ಆಳೆತ್ತರದ ಗಿಡ ಎರಡಕ್ಕೂ ತಗುಲುತ್ತದೆ, ಲೆಕ್ಕ ಎರಡೆರಡಾಗಿ ಏರುತ್ತದೆ. ಅತ್ತಿಗೆ ಬರೆದದ್ದು 'ಮೂರಾದಾಗ ನಿಲ್ಲು' ಎಂದು. ಎರಡರಿಂದ ನಾಲ್ಕಕ್ಕೆ ಹಾರುವ ಲೆಕ್ಕದಲ್ಲಿ ಮೂರು ಬರುವುದೇ ಇಲ್ಲ. 'ಮೂರು ಅಥವಾ ಹೆಚ್ಚು' ಎಂದಿರಬೇಕಿತ್ತು.

"ತಪ್ಪು ನಂದೇ!" ಎಂದು ಅತ್ತಿಗೆ ಕುರ್ಚಿಯಿಂದ ಎದ್ದು ಕೂಗಿದರು. ಲಾಟರಿ ಹೊಡೆದವರೂ ಹಾಗೆ ಕೂಗಲಿಕ್ಕಿಲ್ಲ. "ಎಲ್ರೂ ಕೇಳಿ, ತಪ್ಪು ನಂದೇ!"

ನಾನು ಹೋಗಿ ಮ್ಯಾನೇಜರಿಗೆ ನನ್ನ ಪಾಲಿನದನ್ನೂ ಒಪ್ಪಿಸಿದೆ. ಅವರಿಗೆ ಬೇಸರವಾದದ್ದು ಡೀಬಗರ್ ಮತ್ತೆ ನಿಧಾನವಾಯಿತೆಂದು. ಪ್ರಶಸ್ತಿಯ ವಿಷಯವನ್ನು ಅವರು ಎತ್ತಲಿಲ್ಲ, ನಾನೇ ಹೋಗಿ ಕಟ್ಟನ್ನು ಇಳಿಸಿದೆ. ಗೋಡೆಯ ಮೇಲೆ ಅದರ ಅಳತೆಯ ಗುರುತು ಉಳಿಯಿತು. ಸಣ್ಣ ವಿಷಯ ಎಂದು ನೀವೆನ್ನಬಹುದು. ನನಗೆ ಅಳು ಬಂತು. ಯಾರಿಗೂ ಕಾಣದಿರಲಿ ಎಂದು ಮೆಟ್ಟಿಲಿಗೆ ಹೋಗಿ ನಿಂತೆ.

"ಮರೀ!"

ಅತ್ತಿಗೆಯ ದನಿ. ಅತ್ತಿಗೆ ಕರೆದರೆ ಏಳಬೇಕಾದದ್ದು ಮಗು. ನಾನು ಅಭ್ಯಾಸಬಲದಿಂದ ಕದಲಲಿಲ್ಲ.

"ನಿನ್ನನ್ನೇ ಕಣೇ! ಬಾ ಇಲ್ಲಿ, ಮೂಗು ಒರೆಸ್ತೀನಿ."

ಕರವಸ್ತ್ರ ಹಿಡಿದು ಲಿಫ್ಟಿನ ಮುಂದೆ ನಿಂತಿದ್ದರು. ಮೂರು ವಾರದ ನಗುವನ್ನು ಒಟ್ಟಿಗೇ ನಗುತ್ತಿದ್ದರು. "ನೆಲಾನೂ ಡೊಂಕು, ನಂಗೂ ಕುಣಿಯೋಕೆ ಬರಲ್ಲ. ಬಾ, ಕೆಳಗೆ ಹೋಗಿ ಟೀ ಕುಡಿಯೋಣ."

ಮೂರನೆಯ ಮಹಡಿಯವರೆಗೆ ಮೆಟ್ಟಿಲಿಳಿದು ಇಬ್ಬರೂ ಲಿಫ್ಟು ಹತ್ತಿದೆವು. ಅತ್ತಿಗೆ ಆಗಲೇ ತಿದ್ದಿ ಹಾಕಿದ್ದ ಬಾಗಿಲು ಎಲೆಗೆ ಎರಡು ಸಲ ತಟ್ಟಿತು, ಲೆಕ್ಕ ನಾಲ್ಕಾಗಿ, ನಿಂತು ಗಂಟೆ ಬಾರಿಸಿತು. ಅತ್ತಿಗೆ ಕಾಲು ಚಾಚಿ ಕುಂಡವನ್ನು ಪಕ್ಕಕ್ಕೆ ತಳ್ಳಿದರು.