ನಡು ಅಳತೆ

ನನ್ನ ಗಂಡ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆ ಕೇಳಿದವರೆಲ್ಲ ಕೊನೆಗೆ ನನಗೆ ಅದನ್ನೇ ಹೇಳುತ್ತಾರೆ. ಕುಡಿಯುವುದಿಲ್ಲ, ಬೈಯುವುದಿಲ್ಲ, ಮಾತೆತ್ತಿದರೆ "ನೀನು ಸುಮ್ನೆ ಕೂತ್ಕೋ, ನಾನು ಮಾಡ್ತೀನಿ" ಅನ್ನುತ್ತಾರೆ. ಆ ಒಂದು ಮಾತಿಗೆ ಉರಿದಷ್ಟು ನನ್ನ ಮೈ ಯಾವ ಬೈಗುಳಕ್ಕೂ ಉರಿದಿಲ್ಲ.

ಜೇನು ನನ್ನದು. ಮದುವೆಗೆ ಮೊದಲೇ ಸೋದರತ್ತೆಯಿಂದ ಕಲಿತ ಕೆಲಸ. ನಮ್ಮ ಮೂರು ಮಹಡಿಯ ಕಟ್ಟಡದ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಆರು ಜೇನು ಕುಟುಂಬಗಳಿವೆ. ಒಂದೊಂದಕ್ಕೂ ಪೆಟ್ಟಿಗೆಯ ಮೇಲೆ ಪೆಟ್ಟಿಗೆ. ಕೆಳಗಿನದು ಸಂಸಾರ ಕೋಣೆ, ರಾಣಿ ಮೊಟ್ಟೆಯಿಡುವ ಜಾಗ, ಮೇಲಿನದು ಜೇನಿಗೆ. ಕೆಳಗೇನು ನಡೆಯುತ್ತಿದೆಯೆಂದು ನೋಡಬೇಕಾದರೆ ಮೇಲಿನದನ್ನು ಎತ್ತಿ ಪಕ್ಕಕ್ಕಿಡಲೇಬೇಕು. ಹೂ ಬಿಡುವ ಕಾಲದಲ್ಲಿ ವಾರಕ್ಕೊಮ್ಮೆ ನೋಡದಿದ್ದರೆ ಹಿಂಡು ಎದ್ದು ಹಾರಿಹೋಗುತ್ತದೆ. ಎತ್ತಲಾಗದವಳು ಜೇನು ಸಾಕುವವಳಾಗಿ ಉಳಿಯುವುದಿಲ್ಲ, ಯಾರೋ ಸಾಕುವುದನ್ನು ಕುರ್ಚಿ ಹಾಕಿಕೊಂಡು ನೋಡುವವಳಾಗುತ್ತಾಳೆ. ನನಗಿದ್ದ ಭಯ ಅದೊಂದೇ.

ಕಳೆದ ವರ್ಷ ನನ್ನ ಬಲ ಭುಜದ ಸ್ನಾಯು ಹರಿದು ಆಪರೇಷನ್ ಆಯಿತು. ಇನ್ನು ಮೇಲೆ ಇಪ್ಪತ್ತು ಕಿಲೋ ಮೀರಿ ಎತ್ತಕೂಡದು ಅಂದರು ಡಾಕ್ಟರು. ಮನೆಯವರೆಲ್ಲ ಮುಖ ಸಣ್ಣಗೆ ಮಾಡಿಕೊಂಡರು. ನನಗೆ ಮಾತ್ರ ಹೋದ ಜೀವ ಬಂದ ಹಾಗಾಯಿತು. ಸೋದರತ್ತೆಯ ಕಾಲದಿಂದ ನಾನು ಬಳಸುತ್ತಿದ್ದದ್ದು ನಡು ಅಳತೆಯ ಪೆಟ್ಟಿಗೆ. ದೊಡ್ಡ ಪೆಟ್ಟಿಗೆ ಜೇನು ತುಂಬಿದರೆ ಮೂವತ್ತು ಕಿಲೋ ದಾಟುತ್ತದೆ, ನಡು ಅಳತೆಯದು ಇಪ್ಪತ್ತರೊಳಗೇ ಇರುತ್ತದೆ. ಡಾಕ್ಟರು ತಿಳಿಯದೆಯೇ ನನ್ನ ಅಳತೆಗೆ ಒಪ್ಪಿಗೆ ಕೊಟ್ಟಿದ್ದರು.

ಹಳೆಯ ಪೆಟ್ಟಿಗೆಗಳ ಮೂಲೆ ಕೊಳೆತಿದ್ದವು. ಬೀದಿಯ ಕೊನೆಯ ಬಡಗಿಯ ಹತ್ತಿರ ಹೋಗಿ, ಮಾದರಿಗೊಂದನ್ನು ಕೊಟ್ಟು, ಇಪ್ಪತ್ತು ಹೊಸದು ಮಾಡಲು ಹೇಳಿ ಬಂದೆ.

ಮನೆಗೆ ಬಂದಿಳಿದದ್ದು ಇಪ್ಪತ್ತು ದೊಡ್ಡ ಪೆಟ್ಟಿಗೆಗಳು.

ಬಡಗಿಗೆ ಫೋನ್ ಮಾಡಿದೆ. "ಯಜಮಾನ್ರೇ ಬಂದು ಆಳ ಜಾಸ್ತಿ ಮಾಡು ಅಂದ್ರಲ್ಲಮ್ಮ? ನಿಮಗೆ ಗೊತ್ತಿದೆ ಅನ್ಕೊಂಡೆ" ಅಂದ.

ನಮ್ಮವರು ಗೋದಾಮಿನ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು. ಗೋದಾಮು ಹೋಯಿತು, ಮೇಲ್ವಿಚಾರಣೆ ಹೋಗಲಿಲ್ಲ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ, ನನಗೆ ಉಪ್ಪು ಸಿಗದ ಹಾಗೆ ಮಾಡಿದಾಗಲೂ ಹಲ್ಲು ಕಚ್ಚಿಕೊಂಡಿದ್ದೆ. ಆವತ್ತು ಕಚ್ಚಿಕೊಳ್ಳಲಿಲ್ಲ.

"ಯಾರನ್ನ ಕೇಳಿ ಅಳತೆ ಬದಲಾಯಿಸಿದ್ರಿ?"

"ಪೆಟ್ಟಿಗೆ ವಿಷಯ ನನಗೆ ಬಿಡು. ಜೀವಮಾನವೆಲ್ಲ ಅದನ್ನೇ ಮಾಡಿದೀನಿ. ದೊಡ್ಡದು ಮಾಡಿದ್ರೆ ಸಂಖ್ಯೆ ಕಡಿಮೆ, ಜಾಗ ಕಡಿಮೆ, ಕೆಲಸ ಕಡಿಮೆ."

"ತುಂಬಿದ್ಮೇಲೆ ಎತ್ತೋರ್ಯಾರು?"

"ನಾನಿಲ್ವಾ? ನೀನ್ಯಾಕೆ ಎತ್ಬೇಕು ಇನ್ಮೇಲೆ? ಸುಮ್ನೆ ಪಕ್ಕದಲ್ಲಿ ನಿಂತು ಹೇಳು, ನಾನು ಮಾಡ್ತೀನಿ."

ನೋಡಿದಿರಾ? ನನ್ನ ಕೆಲಸವನ್ನು ನನ್ನ ಕಣ್ಣೆದುರಿಗೇ ಕಿತ್ತುಕೊಂಡು, ಅದನ್ನು ಉಡುಗೊರೆಯ ಹಾಗೆ ನನ್ನ ಕೈಗೇ ಕೊಡುತ್ತಿದ್ದರು. ಎರಡನೇ ಮಹಡಿಯಲ್ಲಿರುವ ಮಗಳು ಗಲಾಟೆ ಕೇಳಿ ಮೇಲೆ ಬಂದಳು. "ಅಪ್ಪ ಪ್ರೀತಿಯಿಂದ ಮಾಡಿದ್ದು ಅಮ್ಮ, ಆದ್ರೆ ನೀನು ಹೇಳೋದೂ ಸರಿ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಳು. ಹೆತ್ತ ತಪ್ಪಿಗೆ ಅವಳಿಗೆ ಏನೂ ಅನ್ನಲಿಲ್ಲ. ಗಂಡನಿಗೆ ಮಾತ್ರ, ಆ ಪೆಟ್ಟಿಗೆಗಳಿಗೆ ನನ್ನ ಒಂದು ಹುಳವೂ ಕಾಲಿಡಕೂಡದು, ಬಡಗಿಯ ಹತ್ತಿರ ಕಳಿಸಿ ಕೊಯ್ಯಿಸಿ ತನ್ನಿ ಎಂದು ಸ್ಪಷ್ಟವಾಗಿ ಹೇಳಿದೆ. "ಆಯ್ತು ಆಯ್ತು, ನೋಡೋಣ" ಅಂದರು. ಆ 'ನೋಡೋಣ'ದ ಅರ್ಥ ಗೊತ್ತಿದ್ದೂ ನಾನು ಮರುದಿನ ತಂಗಿಯ ಮನೆಗೆ ಹೊರಟೆ. ಭುಜದ ವ್ಯಾಯಾಮ ಮಾಡಿಸುವ ಹೆಂಗಸು ಇದ್ದದ್ದು ಅವಳ ಬೀದಿಯಲ್ಲಿ, ಹೂವಿನ ಕಾಲ ಏರುವ ಮೊದಲೇ ಕೈ ಸರಿಯಾಗಬೇಕಿತ್ತು. ಮೂರು ವಾರ ಅಲ್ಲೇ ಉಳಿದು, ಗೋಡೆಗೆ ಕೈಯೂರಿ ಒಂದೊಂದು ಗೇಣು ಮೇಲೇರಿಸುತ್ತಾ ಅವುಡುಗಚ್ಚಿ ಆ ಕೈಯನ್ನು ವಾಪಸ್ಸು ಪಡೆದೆ.

ತಿರುಗಿ ಬಂದ ದಿನ ನಮ್ಮವರು ನನ್ನನ್ನು ಚೀಲ ಇಳಿಸಲೂ ಬಿಡದೆ ತಾರಸಿಗೆ ಕರೆದುಕೊಂಡು ಹೋದರು. ನೀರಿನ ಟ್ಯಾಂಕಿನ ಪಕ್ಕ ಹೊಸ ದೊಡ್ಡ ಪೆಟ್ಟಿಗೆಗಳು ಒಂದರ ಮೇಲೊಂದು ದಾರ ಹಿಡಿದ ಹಾಗೆ ನಿಂತಿದ್ದವು. ಹುಳಗಳು ಒಳಗೆ ಹೊರಗೆ ಓಡಾಡುತ್ತಿದ್ದವು.

"ಚೌಕಟ್ಟು ಎಲ್ಲಿಂದ ಬಂತು?" ಅಂತ ಕೇಳಿದೆ. ಮೇಣದ ಎರಿ ಕಟ್ಟುವುದು ಆ ಮರದ ಚೌಕಟ್ಟುಗಳಲ್ಲಿ. ನನ್ನ ಹತ್ತಿರ ಇದ್ದವೆಲ್ಲ ನಡು ಅಳತೆಯವು.

"ನಿನ್ನವೇ!" ಅವರ ಮುಖ ಬೆಳಗುತ್ತಿತ್ತು. "ಅಗಲ ಒಂದೇ ಅಲ್ವಾ? ಹಾಗೇ ತೂಗುಹಾಕಿದೆ, ಟಕ್ ಅಂತ ಕೂತ್ಕೊಂಡ್ವು. ನಿನ್ನ ಚೌಕಟ್ಟು, ನನ್ನ ಪೆಟ್ಟಿಗೆ. ಇಬ್ಬರ ಮಾತೂ ನಡೀತು."

ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಅವರ ಲೆಕ್ಕ. ನನ್ನ ತಲೆ ಧಿಮ್ಮೆಂದಿತು. ಮೋಟು ಚೌಕಟ್ಟನ್ನು ಆಳದ ಪೆಟ್ಟಿಗೆಯಲ್ಲಿ ತೂಗುಹಾಕಿದರೆ ಕೆಳಗೆ ಅರ್ಧ ಗೇಣಿನಷ್ಟು ಖಾಲಿ ಉಳಿಯುತ್ತದೆ. ಜೇನುಹುಳ ಖಾಲಿ ಜಾಗವನ್ನು ಸಹಿಸುವ ಪ್ರಾಣಿಯಲ್ಲ. ನಡೆದಾಡಲು ಸಣ್ಣ ದಾರಿಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಎರಿ ಕಟ್ಟುತ್ತದೆ. ಆ ಖಾಲಿಯಲ್ಲಿ ಮೂರು ವಾರದಿಂದ ಅವು ಏನು ಕಟ್ಟಿರಬಹುದು ಎಂದು ಪೆಟ್ಟಿಗೆ ತೆಗೆಯುವ ಮೊದಲೇ ನನಗೆ ಗೊತ್ತಿತ್ತು.

ಹೊಗೆಡಬ್ಬಿ ಹಚ್ಚಿ, ಮುಖಕ್ಕೆ ಬಲೆ ಹಾಕಿಕೊಂಡು, ಅವರಿಗೂ ಒಂದು ಕೊಟ್ಟು, "ಎತ್ತಿ" ಅಂದೆ.

ಮೊದಲ ಕುಟುಂಬದ ಮೇಲಿನ ಪೆಟ್ಟಿಗೆಗೆ ಕೈ ಹಾಕಿದರು. ಬರಲಿಲ್ಲ. ದಮ್ಮು ಕಟ್ಟಿ ಎಳೆದರು. ಒಳಗೆ ಹಸಿ ಸೊಪ್ಪು ಹರಿದಂಥ ಸದ್ದಾಯಿತು. ಮೇಲಿನ ಎರಿಗಳು ಕೆಳಕ್ಕಿಳಿದು ಕೆಳಗಿನ ಚೌಕಟ್ಟಿಗೆ ಅಂಟಿಕೊಂಡಿದ್ದವು, ರಾಣಿ ಮೇಲಕ್ಕೂ ಏರಿ ಮೊಟ್ಟೆಯಿಟ್ಟು ಅವುಗಳ ತುಂಬ ಮರಿಗಳಿದ್ದವು. ಬಿಳಿ ಮರಿಹುಳುಗಳು ನೆಲಕ್ಕೆ ಉದುರಿದವು.

"ಅಷ್ಟರಲ್ಲೇ ಹಿಡಿದು ನಿಲ್ಲಿ. ಅಲ್ಲಾಡ್ಬೇಡಿ. ನಾನು ಕೆಳಗಿಂದ ಕೊಯ್ತೀನಿ."

ಉದ್ದನೆಯ ಚಾಕು ಹಿಡಿದು ಬಗ್ಗಿದೆ. ಒಂದು ಎರಿ ಬಿಡಿಸಿದೆ, ಇನ್ನೊಂದು ಬಿಡಿಸಿದೆ. ಹುಳಗಳ ಗುಯ್‌ಗುಡುವಿಕೆ ಏರುತ್ತಿತ್ತು. ನನ್ನ ಸಿಟ್ಟೂ ಏರುತ್ತಿತ್ತು, ಆದರೆ ಕೈ ಮಾತ್ರ ನಿಧಾನವಾಗಿಯೇ ನಡೆಯಿತು. ಸಿಟ್ಟಿನ ಕೈಗೆ ರಾಣಿ ಸಿಕ್ಕಿದರೆ ಕುಟುಂಬವೇ ಹೋಗುತ್ತದೆ.

"ಬೇಗ ಮಾಡೇ, ಕೈ ಸೋಲ್ತಿದೆ."

"ತಡೀರಿ."

"ಆಗಲ್ಲ ಕಣೇ, ಸಿಕ್ಕಾಪಟ್ಟೆ ಭಾರ..."

ಆಗ ಅದು ಕಂಡಿತು. ನೇತಾಡುತ್ತಿದ್ದ ಕೊನೆಯ ಎರಿಯ ತುದಿಯಲ್ಲಿ ಉದ್ದನೆಯ ಹೊಟ್ಟೆ ಎಳೆದುಕೊಂಡು ರಾಣಿ ನಡೆಯುತ್ತಿತ್ತು. "ರಾಣಿ ಇದೆ ರೀ, ಇಳಿಸ್ಬೇಡಿ, ಇಳಿಸ್ಬೇಡಿ!" ಎಂದು ಕಿರುಚಿದೆ. ಅವರ ಹಿಡಿತ ಜಾರಿತು, ಪೆಟ್ಟಿಗೆ ಕೂತಿತು. ಮತ್ತೆ ಎತ್ತಿಸಿ ನೋಡಿದಾಗ ಅದು ಎರಡು ಮರದ ನಡುವೆ ಅಪ್ಪಚ್ಚಿಯಾಗಿತ್ತು.

ನನಗೆ ಅಳು ಬಂತು, ಆದರೆ ಅದು ದುಃಖದ್ದಲ್ಲ, ಸಿಟ್ಟಿನದು. ಆದರೂ ನಿಜ ಹೇಳುತ್ತೇನೆ, ಅಷ್ಟಾದ ಮೇಲೂ ನಾನು ಒಂದು ಮಾತಿಗೆ ಕಾಯುತ್ತಿದ್ದೆ. ಭಾರ ಎಷ್ಟೆಂದು ಅವರ ತೋಳಿಗೇ ಗೊತ್ತಾಗಿತ್ತಲ್ಲ? 'ನೀನು ಹೇಳಿದ್ದೇ ಸರಿ' ಅಂದಿದ್ದರೆ ಅರ್ಧ ಕೋಪ ಅಲ್ಲೇ ಕರಗುತ್ತಿತ್ತು. ಅವರು ಟ್ಯಾಂಕಿನ ಕಟ್ಟೆಯ ಮೇಲೆ ಕೂತು, ಮೊಣಕೈ ನೀವಿಕೊಂಡರು.

"ಒಂದು ಕೆಲಸ ಮಾಡೋಣ. ಮಿಕ್ಕಿದ್ದಕ್ಕೆ ಅಳಿಯನ್ನ ಕರೆಯೋಣ. ಜಿಮ್‌ಗೆ ಹೋಗ್ತಾನಲ್ಲ, ಅವನು ಎತ್ತಾನೆ."

ನಾನು ಪೆಟ್ಟಿಗೆಗೆ ಮುಚ್ಚಳ ಹಾಕಿದೆ. ಬಲೆ ತೆಗೆದು ಅವರ ಪಕ್ಕದಲ್ಲಿಟ್ಟು ಕೆಳಗಿಳಿದೆ. ಬಳಸದೆ ಉಳಿದಿದ್ದ ಎಂಟು ದೊಡ್ಡ ಪೆಟ್ಟಿಗೆಗಳು ಮೆಟ್ಟಿಲ ಬುಡದಲ್ಲಿದ್ದವು. ತರಕಾರಿಯವಳ ತಳ್ಳುಗಾಡಿ ಕೇಳಿ, ಅವನ್ನೆಲ್ಲ ಅದರಲ್ಲಿ ಪೇರಿಸಿ, ತಳ್ಳಿಕೊಂಡು ಬಡಗಿಯ ಹತ್ತಿರ ಹೋದೆ. ಶುರು ಮಾಡಲು ಎಂಟು ಸಾಕಿತ್ತು, ಮಿಕ್ಕವನ್ನು ಖಾಲಿಯಾದ ಹಾಗೆ ಕೊಯ್ಯಿಸಬಹುದು. ಚೌಕಟ್ಟುಗಳನ್ನು ಒಂದೊಂದಾಗಿ ಬಿಡಿಸಿ ಸರಿಯಾದ ಪೆಟ್ಟಿಗೆಗೆ ಹಾಕುವುದಕ್ಕೆ ಯಾವ ಅಳಿಯನೂ ಬೇಕಿರಲಿಲ್ಲ. ರಾಣಿಯಿಲ್ಲದ ಕುಟುಂಬವನ್ನು ಪಕ್ಕದ ಕುಟುಂಬಕ್ಕೆ ಸೇರಿಸಬಹುದು. ಒಂದು ಹೋಯಿತು, ಐದು ಉಳಿಯುತ್ತವೆ.

"ಇಲ್ಲಿಂದ ಕೆಳಗೆ ಕೊಯ್ದು ತೆಗಿ" ಎಂದು ಪೆಟ್ಟಿಗೆಯ ಮೇಲೆ ಗೆರೆ ಎಳೆದೆ.

ಬಡಗಿ ಗರಗಸದ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತ. "ಯಜಮಾನ್ರಿಗೆ ಒಂದ್ಮಾತು ಫೋನ್ ಮಾಡ್ಲಾ ಅಮ್ಮ?"

ನಾನೇ ಸ್ವಿಚ್ಚು ಒತ್ತಿದೆ. ಅವನು ಗಾಬರಿಯಾಗಿ ಹಲಗೆ ಹಿಡಿದ.

ಕೊನೆಯ ಪೆಟ್ಟಿಗೆ ಕೊಯ್ಯುವ ಹೊತ್ತಿಗೆ ನಮ್ಮವರು ಬಾಗಿಲಲ್ಲಿ ಬಂದು ನಿಂತಿದ್ದರು. ಹುಡಿ ಮೆತ್ತಿದ ನೆಲದ ಮೇಲೆ ಬಿದ್ದಿದ್ದ ಮರದ ಪಟ್ಟಿಗಳನ್ನು ನೋಡಿದರು. "ಹೇಳಿದ್ರೆ ನಾನೇ ತರ್ತಿರ್ಲಿಲ್ವಾ?" ಅಂದರು. ದನಿ ಮೆತ್ತಗಿತ್ತು. ಗಾಡಿಗೆ ಕೈ ಹಾಕಲು ಬಂದರು.

"ಮುಟ್ಬೇಡಿ."

"ಭುಜ ಕಣೇ..."

"ನನ್ನ ಭುಜ. ನನಗೆ ಗೊತ್ತು. ಮುಟ್ಬೇಡಿ ಅಂದೆ."

ಗಾಡಿ ತಳ್ಳಿಕೊಂಡು ಬಂದೆ. ನಮ್ಮ ಕಟ್ಟಡದ ಬಾಗಿಲಲ್ಲಿ ನಿಲ್ಲಿಸಿ, ಎರಡೆರಡು ಪೆಟ್ಟಿಗೆ ಎದೆಗೆ ಅವುಚಿಕೊಂಡು ಮೆಟ್ಟಿಲು ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಅವರು ನನ್ನ ಹಿಂದೆ ಹತ್ತಿದರು, ನನ್ನ ಹಿಂದೆ ಇಳಿದರು. ಅವರ ಎರಡು ಕೈಗಳೂ ಖಾಲಿ ಇದ್ದವು, ಅವನ್ನು ಎಲ್ಲಿಟ್ಟುಕೊಳ್ಳಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.