ಬಂದರಿನ ಊರಿಗೆ ಎರಡು ದಿನ

ಮಳೆಗಾಲ ಮುಗಿದಿದೆ, ಆದರೆ ಮುಗಿಯಿತೆಂದು ಧೈರ್ಯವಾಗಿ ಹೇಳಲು ಯಾರಿಗೂ ಬಾಯಿ ಬಾರದು... ಅಂಥ ಸಂಧಿಕಾಲದ ಬೆಳಗುಗಳಲ್ಲಿ ಒಂದು ಅನಿರ್ವಚನೀಯ ಮಾರ್ದವ ಇರುತ್ತದೆ, ಸಹೃದಯರೇ! ಆಕಾಶ ಆಗತಾನೇ ತೊಳೆದು ಬೋರಲು ಹಾಕಿದ ಬಟ್ಟಲಿನಂತೆ ಹೊಳೆಯುತ್ತದೆ. ಮೋಡಗಳು ಹೋಗಲೋ ಇರಲೋ ಎಂದು ದಿಗಂತದ ಅಂಚಿನಲ್ಲಿ ಅನುಮಾನಿಸುತ್ತವೆ. ಬಿಸಿಲು ಮಾತ್ರ ಸಂಕೋಚದ ನೆಂಟನ ಹಾಗೆ ಹೊಸ್ತಿಲ ಹೊರಗೇ ನಿಂತಿರುತ್ತದೆ. ಕಡಲಿಗೆ ಬಹುದೂರವಾದ ಒಂದು ಪಟ್ಟಣದ, ನದಿಗೆ ಇಳಿಯುವ ಇಕ್ಕಟ್ಟು ಬೀದಿಯ ತುದಿಯಲ್ಲಿ, ಅಂಥ ಬಿಸಿಲಿಗಾಗಿ ಉಸಿರು ಬಿಗಿಹಿಡಿದು ಕಾಯುವ ಅಂಗಳವೊಂದಿತ್ತು. ಅಂಗಳದ ಉದ್ದಕ್ಕೂ ಹಗ್ಗಗಳು, ಹಗ್ಗಗಳ ಉದ್ದಕ್ಕೂ ಅರುಣ, ಪೀತ, ಶ್ಯಾಮಲ, ಧೂಸರ ವರ್ಣಗಳ ಬಟ್ಟೆಗಳು. ಗಾಳಿ ಬೀಸಿದರೆ ಸಾಕು, ವರ್ಷದ ಋತುಗಳೆಲ್ಲ ಒಂದೇ ಮನೆಗೆ ಬಂದು ಒಟ್ಟಿಗೆ ಮಾತಿಗಿಳಿದಂತಾಗುತ್ತಿತ್ತು. ಅದು ಬಟ್ಟೆಗೆ ಬಣ್ಣ ಹಾಕುವವನೊಬ್ಬನ ಅಂಗಳ.

ಬೀದಿಯೆಲ್ಲ ಆತನನ್ನು ಕರೆಯುತ್ತಿದ್ದುದು ಬಣ್ಣದಣ್ಣ ಎಂದು. ನಡುವಯಸ್ಸು, ಎಷ್ಟು ತಿಕ್ಕಿದರೂ ಮೊಣಕೈ ಬಿಟ್ಟು ಹೋಗದ ನೀಲಿ, ಮಾತಿನಲ್ಲಿ ಮಹಾ ಜಿಪುಣ. ಆ ಜಿಪುಣತನಕ್ಕೆ ಕಾರಣ ಆತನ ಕಸುಬೇ. ತೊಟ್ಟಿಯಿಂದ ಎತ್ತಿದ ಬಟ್ಟೆಯ ಬಣ್ಣ ಒದ್ದೆಯಲ್ಲಿ ಗಾಢವಾಗಿ, ಮೋಹಕವಾಗಿ ಕಾಣುತ್ತದೆ. ಅದರ ನಿಜಸ್ವರೂಪ ತಿಳಿಯುವುದು ಒಣಗಿದ ಮೇಲಷ್ಟೇ. ಆದ್ದರಿಂದ ಒದ್ದೆ ಬಟ್ಟೆಯನ್ನು ಗಿರಾಕಿಗೆ ತೋರಿಸಬಾರದು, ಒಣಗುವ ಮೊದಲು ಚೆನ್ನಾಗಿದೆ ಎಂದು ತಾನೂ ಅನ್ನಬಾರದು ಎಂಬುದು ಆತ ಕಲಿತ ಮೊದಲ ಪಾಠ. ಪಾಠವೇನೋ ಒಳ್ಳೆಯದೇ, ಆದರೆ ಪುಣ್ಯಾತ್ಮ ಅದನ್ನು ಬಟ್ಟೆಗಷ್ಟೇ ಬಿಡದೆ ಬದುಕಿಗೂ ಹಚ್ಚಿಬಿಟ್ಟಿದ್ದ! ಚಹಾ ಹೇಗಿದೆ ಎಂದು ಗಂಡ ತೀರಿಕೊಂಡ ಮೇಲೆ ತಮ್ಮನ ಮನೆ ಸೇರಿದ್ದ ಅಕ್ಕ ಕೇಳಿದರೆ, ಲೋಟ ತೊಳೆದಿಟ್ಟ ಮೇಲೆ ಉತ್ತರ ಬರುತ್ತಿತ್ತು.

ಎದುರು ಸಾಲಿನ ಮಹಡಿಯ ಕೋಣೆಯಲ್ಲಿ ಪರದೆ ಹೊಲಿಯುವಾಕೆ ಇದ್ದಳು. ಹುಟ್ಟಿದ್ದು ದೂರದ ಬಂದರಿನ ಊರಿನಲ್ಲಿ; ಚಿಕ್ಕಮ್ಮನ ಜೊತೆ ಇಲ್ಲಿಗೆ ಬಂದು, ಚಿಕ್ಕಮ್ಮ ತೀರಿಕೊಂಡ ಮೇಲೂ ಹೊಲಿಗೆ ಯಂತ್ರವನ್ನು ನೆಚ್ಚಿಕೊಂಡು ಒಂಟಿಯಾಗಿ ಉಳಿದವಳು. ಪಟ್ಟಣದ ಕಿಟಕಿಗಳಿಗೆಲ್ಲ ಪರದೆ ಹೊಲಿದು ತನ್ನ ಕಿಟಕಿಯನ್ನು ಬೋಳಾಗಿಯೇ ಬಿಟ್ಟಿದ್ದ ಆಕೆ, ಒಂದು ದಿನ ಬೀದಿ ದಾಟಿ ಬಂದು, “ನನ್ನ ಕಿಟಕಿಗೆ ಒಂದು ಪರದೆ ಹೊಲ್ಕೋಬೇಕು. ಸಮುದ್ರದ ಬಣ್ಣ ಹಾಕಿ ಕೊಡ್ತೀರಾ?” ಎಂದಿದ್ದಳು. ಸಮುದ್ರವನ್ನೇ ಕಂಡಿರದ ಬಣ್ಣದಣ್ಣ, “ಅದು ಹೇಗಿರುತ್ತೆ?” ಎಂದು ಕೇಳಿದ. ಆಕೆ ಹೇಳತೊಡಗಿದಳು... ಆ ಹೇಳುವಿಕೆ ವರ್ಷಗಳಾದರೂ ಮುಗಿದಿರಲಿಲ್ಲ! ಆತ ಬಣ್ಣ ಕದಡಿ, ಬಟ್ಟೆ ಅದ್ದಿ, ಒಣಗಿಸಿ, ಇಸ್ತ್ರಿ ಮಾಡಿ ತರುವುದು, ಆಕೆ ಬೆಳಕಿಗೆ ಹಿಡಿದು, “ಊಹೂಂ... ಹತ್ತಿರ ಬಂದಿದೆ, ಆದ್ರೆ ಇದಲ್ಲ,” ಅನ್ನುವುದು, ಮತ್ತೆ ಇಬ್ಬರೂ ಮಾತಿಗೆ ಕೂರುವುದು.

ಹೀಗೆ ಬಣ್ಣದ ನೆಪದಲ್ಲಿ ಪ್ರವಾಸದ ಮಾತು ಹುಟ್ಟಿತು. “ಒಂದ್ಸಲ ಹೋಗಿ ನೋಡ್ಕೊಂಡೇ ಬರೋಣ ಬಿಡಿ,” ಎಂದು ಮೊದಲು ಅಂದವರು ಯಾರೋ ಇಬ್ಬರಿಗೂ ನೆನಪಿಲ್ಲ. ಸಂಜೆ ಜಗಲಿಯ ಮೇಲೆ ಅಕ್ಕ ಕೊಟ್ಟ ಚಹಾ ಹಿಡಿದು ಕೂತರೆ ಪ್ರವಾಸ ಶುರು. ನಸುಕಿನ ಬಸ್ಸು. ಇಳಿದ ಕೂಡಲೇ ಗಡಿಯಾರದ ಗೋಪುರ. ಅಲ್ಲಿಂದ ಮೀನುಪೇಟೆಯ ಹಿಂದಿನ ಇಳಿಜಾರು. ಅಲ್ಲಿ ಮೂಗು ಮುಚ್ಚಿಕೊಳ್ಳಬಹುದು, ಆದರೆ ಓಡಬಾರದು, ಕಲ್ಲು ಜಾರುತ್ತದೆ. ಆಮೇಲೆ ಹಡಗುಗಳಿಗೆ ದಾರಿ ಬಿಡಲು ನಟ್ಟನಡುವೆ ಬಾಯ್ದೆರೆಯುವ ಸೇತುವೆ, ಹಗ್ಗ ಹೊಸೆಯುವವರ ಓಣಿ, ಮಧ್ಯಾಹ್ನ ದೋಣಿಯಲ್ಲಿ ಎದುರಿನ ದ್ವೀಪ. ಎರಡನೆಯ ದಿನ ಪೂರ್ತಿ ದೀಪಸ್ತಂಭಕ್ಕೆ ಮೀಸಲು. ಅದರ ನೆತ್ತಿಯಿಂದ ಕಾಣುವ ಕಡಲಿನ ವೈಶಾಲ್ಯವನ್ನು ಆಕೆ ವರ್ಣಿಸತೊಡಗಿದರೆ ಚಹಾ ತಣ್ಣಗಾಗುತ್ತಿತ್ತು. ಸಂಜೆ ವಾಪಸ್ ಬಸ್ಸು. ಕಾಣದ ಆ ಊರು ಆತನಿಗೆ ಎಷ್ಟು ಬಾಯಿಪಾಠವಾಗಿತ್ತೆಂದರೆ, ಆಕೆ ಯಾವುದಾದರೂ ತಿರುವು ತಪ್ಪಿಸಿದರೆ ಆತನೇ ತಿದ್ದುತ್ತಿದ್ದ.

“ಕೂತಲ್ಲೇ ಕೂತು ಆ ಊರನ್ನ ಸವೆಸಿಬಿಟ್ರಿ ಇಬ್ರೂ,” ಎಂದು ಅಕ್ಕ ರೇಗಿಸುತ್ತಿದ್ದಳು. “ನಿಜವಾಗಿ ಹೋಗೋ ಹೊತ್ತಿಗೆ ನೋಡೋಕೆ ಏನೂ ಉಳಿದಿರಲ್ಲ.”

ಹೋಗುವ ಹೊತ್ತು ಮಾತ್ರ ಬರಲೇ ಇಲ್ಲ. ಒಮ್ಮೆ ಶಾಲೆಯ ಸಮವಸ್ತ್ರದ ಅವಸರದ ಕೆಲಸ, ಒಮ್ಮೆ ಅಕ್ಕನ ಮೊಣಕಾಲು ನೋವು, ಒಮ್ಮೆ ಬಿಡದೆ ಸುರಿದ ಮಳೆ. ನಿಜ ಹೇಳಿಬಿಡಲೇ, ಓದುಗರೇ? ಇಬ್ಬರಿಗೂ ಭಯ! ಊರು ನೋಡಿ ಮುಗಿದುಹೋದರೆ ಸಂಜೆಗೆ ಮಾತೇನು ಉಳಿದೀತು ಎಂಬ ಭಯ. ಪ್ರೀತಿ ಎಂಬ ಶಬ್ದವನ್ನು ಆಡಲಾರದ ಆ ಎರಡು ಜೀವಗಳು, ಸೇತುವೆ ಎಂದು, ದೋಣಿ ಎಂದು, ದೀಪಸ್ತಂಭ ಎಂದು ಬೇರೆ ಬೇರೆ ಹೆಸರು ಹಿಡಿದು ಅದನ್ನೇ ಕರೆಯುತ್ತಿದ್ದವು.

ಅಂಥ ಒಂದು ಸಂಜೆ ಆಕೆ ಚಹಾ ಮುಟ್ಟದೆ ಕೂತಳು.

“ನಮ್ಮಣ್ಣ ಫೋನ್ ಮಾಡಿದ್ದ,” ಎಂದಳು. “ಬಂದರಲ್ಲಿ ಹಡಗಿನ ಪಟ ಹೊಲಿಯೋ ಅಂಗಡಿ ಇಟ್ಟಿದಾನಲ್ಲ... ಇಲ್ಲಿಗೇ ಬಂದುಬಿಡು, ಒಬ್ಬಳೇ ಎಷ್ಟು ದಿನ ಅಂತ ಇರ್ತೀಯ ಅಂತಾನೆ. ಭಾನುವಾರ ಬರ್ತೀನಿ ಅಂದಿದೀನಿ.” ಆತನ ಮುಖವನ್ನೇ ನೋಡುತ್ತ ಕೇಳಿದಳು: “ನೀವೇನಂತೀರಿ?”

ಬೇಡ, ಹೋಗಬೇಡಿ... ಎಂಬ ಮಾತು ಆತನ ಗಂಟಲವರೆಗೆ ಬಂದಿತು, ಹಸಿಹಸಿಯಾಗಿ, ತೊಟ್ಟಿಕ್ಕುತ್ತ! ಆದರೆ ಒದ್ದೆಯಾದುದನ್ನು ಯಾರಿಗೂ ತೋರಿಸಿ ಅಭ್ಯಾಸವಿಲ್ಲದ ಆ ಮನುಷ್ಯ, ತನಗೆ ಬಾಯಿಪಾಠವಿದ್ದುದನ್ನೇ ಹಿಡಿದುಕೊಂಡ.

“ನಸುಕಿನ ಬಸ್ಸೇ ಒಳ್ಳೇದು,” ಎಂದ. “ಮೀನುಪೇಟೆ ಹತ್ರ ಕಲ್ಲು ಜಾರುತ್ತೆ, ಹುಷಾರು. ದೀಪಸ್ತಂಭ ಎರಡನೇ ದಿನಕ್ಕೆ ಇಟ್ಕೊಳ್ಳಿ...” ಆಮೇಲೆ, ಸೌಜನ್ಯದ ಪರಾಕಾಷ್ಠೆ ಎಂಬಂತೆ, ಮೆಲ್ಲಗೆ ಸೇರಿಸಿದ: “ವಾಪಸ್ ಬಸ್ಸು ಹೇಗೂ ಬೇಕಾಗಲ್ಲ.”

“ಹೌದು, ಬೇಕಾಗಲ್ಲ,” ಎಂದು ಆಕೆ ಎದ್ದು ಬೀದಿ ದಾಟಿದಳು. ಲೋಟದಲ್ಲಿ ಚಹಾ ಕೆನೆಗಟ್ಟಿತು.

ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಕ್ಕ ಸೌಟು ಹಿಡಿದೇ ಹೊರಗೆ ಬಂದಳು. “ಲೋ, ಅವಳು ನಿನ್ನ ಹತ್ರ ದಾರಿ ಕೇಳಿದ್ಲೇನೋ?”

“ಇಲ್ಲ ಅಂತ ಗೊತ್ತಕ್ಕ. ಸ್ವಲ್ಪ ಯೋಚನೆ ಮಾಡಿ ಹೇಳೋಣ ಅಂತ...”

“ಮಾಡ್ತಾ ಕೂತಿರು! ನಿಮ್ಮ ಭಾವ ನನ್ನನ್ನ ಕೇಳೋಕೆ ಬಂದಾಗ ಮಳೇಲಿ ತೊಪ್ಪೆಯಾಗಿದ್ರು, ಚಪ್ಪಲಿ ಬೇರೆ ಕಿತ್ತುಹೋಗಿತ್ತು. ಎಲ್ಲ ಸರಿಮಾಡ್ಕೊಂಡು ಬರ್ತೀನಿ ಅಂತ ಹೋಗಿದ್ದಿದ್ರೆ ನಾನು ಇನ್ಯಾರನ್ನೋ ಮದುವೆ ಆಗಿರ್ತಿದ್ದೆ.”

ಆ ನಂತರದ ದಿನಗಳನ್ನು ಏನೆಂದು ವರ್ಣಿಸಲಿ! ಎದುರಿನ ಮಹಡಿಯಿಂದ ಹೊಲಿಗೆ ಯಂತ್ರದ ಸದ್ದು ಒಂದೊಂದು ದಿನಕ್ಕೆ ಒಂದಿಷ್ಟು ಕಡಿಮೆಯಾಗುತ್ತ ಬಂದು, ಒಂದು ಮಧ್ಯಾಹ್ನ ಪೂರ್ತಿ ನಿಂತಿತು. ಇಷ್ಟು ಕಾಲ ಕಿವಿಗೆ ಬಿದ್ದೂ ಬೀಳದಂತಿದ್ದ ಆ ಸದ್ದು ತನ್ನ ದಿನವನ್ನು ಹೇಗೆ ಒಟ್ಟಿಗೆ ಹಿಡಿದಿತ್ತೆಂಬುದು ಬಣ್ಣದಣ್ಣನಿಗೆ ಆಗ ತಿಳಿಯಿತು. ಸಂಜೆಯಾದರೆ ಜಗಲಿಗೆ ಬಂದು ಕೂರುತ್ತಿದ್ದ. ಮನಸ್ಸು ತಾನಾಗಿಯೇ ಗಡಿಯಾರದ ಗೋಪುರದ ಬಳಿ ಇಳಿದು, ಇಳಿಜಾರು ಹಿಡಿದು, ಸೇತುವೆಯವರೆಗೆ ನಡೆದು ಹೋಗುತ್ತಿತ್ತು. ಅಲ್ಲಿ ನಿಂತು ಪಕ್ಕಕ್ಕೆ ತಿರುಗಿದರೆ ಯಾರೂ ಇರುತ್ತಿರಲಿಲ್ಲ. ಅಷ್ಟು ಚೆಂದದ ಊರು ಒಬ್ಬಳಿಲ್ಲದೆ ಬರೀ ಕಲ್ಲು, ನೀರು ಆಗಿಬಿಟ್ಟಿತ್ತು.

ಶನಿವಾರ ಬೆಳಗ್ಗೆ ಆತ ನೀಲಿಯ ತೊಟ್ಟಿಯಿಂದ ಬಟ್ಟೆಯೊಂದನ್ನು ಎತ್ತಿದ. ನೀಲಿಯಲ್ಲಿ ಅದ್ದಿದ ಬಟ್ಟೆ ಮೇಲೆ ಬರುವಾಗ ಹಸಿರಾಗಿರುತ್ತದೆ. ಗಾಳಿ ತಾಕಿದಂತೆಲ್ಲ, ನೋಡನೋಡುತ್ತಿದ್ದಂತೆ, ಒಂದೊಂದೇ ಮಡಿಕೆಯಲ್ಲಿ ನೀಲಿಗೆ ತಿರುಗುತ್ತದೆ. ಜೀವಮಾನವಿಡೀ ಕಂಡದ್ದೇ. ಆದರೂ ಆ ಬೆಳಗಿನ ಬಿಸಿಲಿನಲ್ಲಿ, ಹಸಿರಿನಿಂದ ನೀಲಿಗೆ ಹೊರಳುತ್ತ, ಮಿನುಗುತ್ತ, ಒಂದು ಕ್ಷಣವೂ ನಿಂತಲ್ಲಿ ನಿಲ್ಲದ ಆ ಬಣ್ಣವನ್ನು ಕಂಡು ಆತ ಬೆರಗಾದ. ಆಕೆ ವರ್ಷಗಳಿಂದ ಹೇಳುತ್ತ ಬಂದದ್ದು ಇದನ್ನೇ ಅಲ್ಲವೇ!

ಮರುಗಳಿಗೆ ಬೀದಿ ಹಿಂದೆಂದೂ ಕಾಣದ ದೃಶ್ಯ ಕಂಡಿತು. ಬಣ್ಣದಣ್ಣ ಹಿಂಡದ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬೀದಿಗೆಲ್ಲ ನೀಲಿ ಸುರಿಸುತ್ತ ಎದುರಿನ ಮಹಡಿಗೆ ಓಡಿದ. ಮೆಟ್ಟಿಲಿಗೆ ನೀಲಿ, ಬಾಗಿಲಿಗೆ ನೀಲಿ. ಗಿರಾಕಿಗೆ ಕೊಡಲು ಮಡಿಸಿಟ್ಟಿದ್ದ ಬಿಳಿಯ ಪರದೆಗಳ ಮೇಲೂ ನೀಲಿ.

“ಅಯ್ಯೋ, ಪರದೆ!” ಎಂದಳು ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಾಕೆ.

“ಬೇರೆ ಬಟ್ಟೆ ತಂದ್ಕೊಡ್ತೀನಿ. ಮೊದ್ಲು ಇದನ್ನ ನೋಡಿ, ಬೇಗ ನೋಡಿ... ಒಣಗಿದ್ರೆ ಇರಲ್ಲ.”

ಆಕೆ ನೋಡಿದಳು. ಕಣ್ಣು ತುಂಬಿ ಬಂತು. “ಇದೇ,” ಎಂದಳು. “ಒಣಗಿಸಿ ಒಣಗಿಸಿ ತರ್ತಿದ್ರಲ್ಲ ಇಷ್ಟು ವರ್ಷ... ಸಮುದ್ರ ಯಾವತ್ತಾದ್ರೂ ಒಣಗುತ್ತಾ?”

“ಹೋಗ್ಬೇಡಿ,” ಎಂದ ಆತ. “ನೀವಿಲ್ದೆ ನನ್ನಿಂದ ಆಗಲ್ಲ. ಮೊದಲೇ ಹೇಳ್ಬೇಕಿತ್ತು.”

ಆಕೆ ಒದ್ದೆ ಬಟ್ಟೆಯ ಒಂದು ಅಂಚನ್ನು ತಾನೂ ಹಿಡಿದುಕೊಂಡಳು. ಆಮೇಲೆ ಹೇಳಿದಳು: “ನಾನು ಆ ದೀಪಸ್ತಂಭ ಹತ್ತೇ ಇಲ್ಲ, ಗೊತ್ತಾ?”

“ಹತ್ತಿಲ್ವಾ? ಮೇಲಿಂದ ಕಡಲು ಹೇಗೆ ಕಾಣುತ್ತೆ ಅಂತ ಅಷ್ಟೊಂದು ಹೇಳಿದ್ರಲ್ಲ!”

“ಇಳಿದು ಬಂದೋರ ಬಾಯಲ್ಲಿ ಕೇಳಿದ್ದು. ಅಲ್ಲೇ ಇರೋರು ಯಾರೂ ಹತ್ತಲ್ಲ, ಯಾವಾಗ ಬೇಕಾದ್ರೂ ಹತ್ತಬಹುದಲ್ಲ ಅಂತ ಇದ್ದುಬಿಡ್ತಾರೆ. ಚಿಕ್ಕೋಳಿದ್ದಾಗ ಅದರ ಬಾಗಿಲ ಹತ್ರ ನಿಂತು, ಊರು ನೋಡೋಕೆ ಬಂದೋರನ್ನ ನೋಡ್ತಿದ್ದೆ. ಸಂಜೆ ಆಗ್ತಿದ್ದ ಹಾಗೆ ಬಸ್ಸು ತಪ್ಪುತ್ತೆ, ಬಾ ಬಾ ಅಂತ ಒಬ್ಬರನ್ನೊಬ್ಬರು ಕೂಗ್ಕೊಂಡು ಓಡೋರು. ನನಗೆ ಎಂಥ ಹೊಟ್ಟೆಕಿಚ್ಚು ಆಗ್ತಿತ್ತು ಗೊತ್ತಾ? ನೋಡೋಕೆ ಬಂದೋರಿಗೆ ವಾಪಸ್ ಹೋಗೋಕೆ ಎಲ್ಲೋ ಒಂದು ಮನೆ ಇರುತ್ತಲ್ಲ ಅಂತ.”

“ಹಾಗಾದ್ರೆ ನಾಳೆ...”

“ನಾಳೆ ಹೋಗ್ತೀನಿ. ಅಣ್ಣನಿಗೆ ಮಾತು ಕೊಟ್ಟಿದೀನಿ.” ಆತನ ಮುಖ ಬಾಡಿದ್ದನ್ನು ಕಂಡು ಆಕೆ ಕಣ್ಣೊರೆಸಿಕೊಂಡು ನಕ್ಕಳು. “ಇರೋಕಲ್ಲ, ನೋಡೋಕೆ. ನೀವೂ ಬನ್ನಿ. ಎರಡನೇ ದಿನ ಸಂಜೆ ವಾಪಸ್ ಬಸ್ಸಿಗೆ ಹೊತ್ತಾಗುತ್ತಲ್ಲ... ಆಗ ನನ್ನನ್ನೂ ಕೂಗಿ.”

ದೂರದ ಊರುಗಳಿಗಾಗಿ, ಕಾಣದ ತೀರಗಳಿಗಾಗಿ ನಮ್ಮ ಹೃದಯ ಹಂಬಲಿಸುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ, ಸಹೃದಯರೇ. ಅದು ಸುಳ್ಳೂ ಅಲ್ಲ. ಆದರೆ ಆ ಹಂಬಲದ ತೀರಾ ಒಳಗೆ, ನಾವೇ ನಾಚಿ ಮುಚ್ಚಿಟ್ಟ ಇನ್ನೊಂದು ಪುಟ್ಟ ಆಸೆ ಇರುತ್ತದೆ... ಎಷ್ಟೇ ಸುಂದರವಾದ ತೀರದಲ್ಲಿ ಮೈಮರೆತು ನಿಂತಿರಲಿ, ಹಿಂದಿನಿಂದ ಒಂದು ದನಿ ಬಂದು, ಹೊತ್ತಾಯಿತು, ಮನೆಗೆ ಹೋಗೋಣ ಬಾ ಎಂದು ನಮ್ಮನ್ನೂ ಸೇರಿಸಿ ಕರೆಯಲಿ ಎಂಬ ಆಸೆ.